ವಾಘೋಲಿಯ ಬಾವಿನೀರು ಮತ್ತು ನುಗ್ಗೆ ಬೀಜ: ಒಂದು ಮಳೆಗಾಲದ ಪ್ರಕರಣ ಅಧ್ಯಯನ

ಪುಣೆಯಿಂದ ಅಹಿಲ್ಯಾನಗರದ (ಹಳೆಯ ಅಹಮದನಗರ) ಕಡೆ ಹೋಗುವ ‘ನಗರ ರಸ್ತೆ’ಯಲ್ಲಿ ವಾಘೋಲಿಯ ಪೇಟೆಯನ್ನು ದಾಟಿ ಒಳದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಕಲ್ಲಿನ ಕ್ವಾರಿಗಳು ಎದುರಾಗುತ್ತವೆ. ಕೆಲವು ಇನ್ನೂ ನಡೆಯುತ್ತಿವೆ, ಕೆಲವನ್ನು ಅಗೆದು ಬಿಟ್ಟಿದ್ದಾರೆ. ಹಾಗೆ ಬಿಟ್ಟ ಒಂದು ಕ್ವಾರಿಯ ಅಂಚಿನಲ್ಲಿ ಎರಡು ಸಾಲು ತಗಡಿನ ಮನೆಗಳಿರುವ ವಸತಿಯೇ ಈ ಅಧ್ಯಯನದ ಜಾಗ. ಅಲ್ಲಿರುವವರಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳ ಕನ್ನಡ ಕುಟುಂಬಗಳವರು. ಹಿರಿಯರು ಕಲ್ಲು ಒಡೆಯಲು ಬಂದವರು, ಕಿರಿಯರು ಸುತ್ತಲೂ ಏಳುತ್ತಿರುವ ಕಟ್ಟಡಗಳಲ್ಲಿ ಸೆಂಟ್ರಿಂಗ್, ಗಿಲಾವು, ಫರಸಿಯ ಕೆಲಸ ಮಾಡುವವರು. ನಾನು ಪುಣೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಭಾನುವಾರಗಳಂದು ಈ ವಸತಿಯ ಮಕ್ಕಳಿಗೆ ಕನ್ನಡ ಓದುಬರಹ ಹೇಳಿಕೊಡಲು ಹೋಗುತ್ತಿದ್ದೆ. ನೀರಿನ ಕೆಲಸಕ್ಕೆಂದು ಹೋದವನಲ್ಲ. 2025ರ ಮಳೆಗಾಲ ಆ ಕೆಲಸವನ್ನು ನನ್ನ ಮುಂದೆ ತಂದಿಟ್ಟಿತು.

ವಾಘೋಲಿ 2021ರಲ್ಲಿ ಪುಣೆ ಮಹಾನಗರ ಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲಿ ಒಂದು. ಪಾಲಿಕೆಯ ಗಡಿ ಹಳ್ಳಿಗೆ ಬಂದರೂ ನಳದ ನೀರು ಈ ವಸತಿಯವರೆಗೆ ಬಂದಿರಲಿಲ್ಲ. ಅಲ್ಲಿನವರಿಗೆ ನೀರಿನ ಮೂಲಗಳು ಮೂರು: ವಾರಕ್ಕೆ ಕೆಲವು ಸಲ ಬರುವ ಟ್ಯಾಂಕರು, ಕ್ವಾರಿಯ ಗುಂಡಿಯಲ್ಲಿ ನಿಂತ ಮಳೆನೀರು, ಮತ್ತು ಹೊಲದ ಮಗ್ಗುಲಿನ ಹಳೆಯ ತೆರೆದ ಬಾವಿ. ಬೇಸಿಗೆಯಲ್ಲಿ ಬಾವಿಯ ನೀರು ತಿಳಿಯಾಗಿಯೇ ಇರುತ್ತಿತ್ತು. ಆ ವರ್ಷ ಮುಂಗಾರು ಮೇ ಕೊನೆಯ ವಾರದಲ್ಲೇ ಪುಣೆಗೆ ಬಂದುಬಿಟ್ಟಿತು. ಒಳದಾರಿ ಕೆಸರಾಗಿ ಟ್ಯಾಂಕರು ನಿಂತಿತು. ಹೊಲದ ಕರಿಮಣ್ಣು ತೊಳೆದು ಹರಿದ ನೀರು ಕಟ್ಟೆಯಿಲ್ಲದ ಬಾವಿಗೆ ನೇರವಾಗಿ ಇಳಿದು, ಬಾವಿಯ ನೀರು ಚಹದ ಬಣ್ಣಕ್ಕೆ ತಿರುಗಿತು. ಟ್ಯಾಂಕರಿನ ಹೊಣೆ ಹೊತ್ತವರನ್ನು ಹೆಂಗಸರು ಎರಡು ಸಲ ಕೇಳಿದರು. ದಾರಿ ಒಣಗಲಿ ಎಂಬ ಉತ್ತರ ಬಂತು.

ಈ ಹೊತ್ತಿಗೆ ವಸತಿಯಲ್ಲಿ ನೀರಿನ ಬಗ್ಗೆ ಹೆದರಿಕೆ ಇತ್ತು, ಅದಕ್ಕೆ ಕಾರಣವೂ ಇತ್ತು. ಅದೇ ವರ್ಷದ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ನಾಂದೇಡ್ ಗ್ರಾಮ, ಕಿರ್ಕಟವಾಡಿ ಮೊದಲಾದ ಕಡೆ ಗಿಲಿಯನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆಯ ಪ್ರಕರಣಗಳು ಒಂದರ ಹಿಂದೊಂದು ಬಂದು, ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯ ಸಿಕ್ಕಿತ್ತು. ಕುಡಿಯುವ ನೀರಿನ ಮೇಲೆ ಇಡೀ ನಗರದ ಅನುಮಾನ ಹರಿದಿತ್ತು. ಕೈಕಾಲು ಸೋತು ಬಿದ್ದವರ ಸುದ್ದಿಯನ್ನು ಫೋನಿನಲ್ಲಿ ಕಂಡಿದ್ದ ತಾಯಂದಿರು, ಈ ನೀರನ್ನು ಮಕ್ಕಳಿಗೆ ಕುಡಿಸುವುದು ಹೇಗೆ ಎಂದು ಕೇಳಿದಾಗ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ.

ಮಣ್ಣು ಏಕೆ ಕೂರುವುದಿಲ್ಲ

ಕೊಡಪಾನದಲ್ಲಿ ರಾತ್ರಿ ತುಂಬಿಟ್ಟ ನೀರು ಬೆಳಗಾದರೂ ಬಗ್ಗಡವಾಗಿಯೇ ಇರುತ್ತಿತ್ತು. ಇದು ಕರಿಮಣ್ಣಿನ ಗುಣ. ದಖ್ಖನ್ನಿನ ಬಸಾಲ್ಟ್ ಶಿಲೆ ಕರಗಿ ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹೇರಳ. ಅದರ ಹಾಳೆಯಂಥ ಕಣಗಳು ಅತಿ ಸಣ್ಣವು. ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಗಾತ್ರದ ಕಣವೊಂದು ಅಲುಗಾಡದ ನೀರಿನಲ್ಲಿ ಒಂದು ಅಡಿ ಇಳಿಯಲು ಸ್ಟೋಕ್ಸ್ ಸೂತ್ರದ ಲೆಕ್ಕದಲ್ಲಿ ಸುಮಾರು ನಾಲ್ಕು ದಿನ ಬೇಕು. ಅದಕ್ಕಿಂತ ಹತ್ತು ಪಟ್ಟು ಸಣ್ಣ ಕಣಕ್ಕೆ ನೂರು ಪಟ್ಟು ಹೆಚ್ಚು ಕಾಲ ಬೇಕು. ಇಷ್ಟು ಸಾಲದೆಂಬಂತೆ ಈ ಕಣಗಳ ಮೈಮೇಲೆ ಋಣ ವಿದ್ಯುದಾವೇಶವಿರುತ್ತದೆ. ಒಂದೇ ಬಗೆಯ ಆವೇಶವಿರುವ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಕೂಡಿಕೊಂಡು ದೊಡ್ಡದಾಗುವುದಿಲ್ಲ; ದೊಡ್ಡದಾಗದೆ ಬೇಗ ಕೂರುವುದೂ ಇಲ್ಲ. ಆದ್ದರಿಂದ ಬಗ್ಗಡ ನೀರನ್ನು ತಿಳಿಗೊಳಿಸುವ ಒಂದು ಮುಖ್ಯ ದಾರಿಯೆಂದರೆ ಧನ ಆವೇಶವನ್ನು ತಂದುಕೊಟ್ಟು ಕಣಗಳ ನಡುವಿನ ಈ ತಳ್ಳಾಟವನ್ನು ನಿಲ್ಲಿಸುವುದು.

ಪಟಿಕ ಮಾಡುವುದೂ ಅದನ್ನೇ. ವಸತಿಯವರು ಅದನ್ನು ಮರಾಠಿಯ ಬಳಕೆಯಂತೆ ತುರಟಿ ಎನ್ನುತ್ತಾರೆ. ಅದರ ಗಟ್ಟಿಯನ್ನು ನೀರಿನೊಳಗೆ ನಾಲ್ಕು ಸುತ್ತು ತಿರುಗಿಸುವ ರೂಢಿ ಅವರಲ್ಲಿ ಮೊದಲೇ ಇತ್ತು. ನುಗ್ಗೆ ಬೀಜವನ್ನು ಹೊಗಳುವ ಅನೇಕ ಬರಹಗಳು ಪಟಿಕವನ್ನು ವಿಷವೆಂಬಂತೆ ಚಿತ್ರಿಸುತ್ತವೆ. ಅದನ್ನು ನಾನು ಒಪ್ಪುವುದಿಲ್ಲ. ಅಲ್ಯುಮಿನಿಯಂ ಲವಣಗಳಿಲ್ಲದೆ ಇಂದಿನ ದೊಡ್ಡ ನಗರಗಳ ನೀರಿನ ಘಟಕಗಳು ನಡೆಯುವುದು ಕಷ್ಟ. ಆದರೆ ಗಟ್ಟಿಯನ್ನು ಕೈಯಲ್ಲಿ ತಿರುಗಿಸುವಾಗ ಎಷ್ಟು ಕರಗಿತೆಂಬುದು ಯಾರಿಗೂ ತಿಳಿಯದು. ಹೆಚ್ಚಾದರೆ ನೀರು ಒಗರಾಗುತ್ತದೆ, ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಇಳಿಯುತ್ತದೆ, ಅಲ್ಯುಮಿನಿಯಂ ಉಳಿಯುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಅಲ್ಯುಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಇರಬಹುದು. ಬೇರೆ ಮೂಲವಿಲ್ಲದಿದ್ದರೆ 0.2ರವರೆಗೆ ಒಪ್ಪಬಹುದು. ವಸತಿಯಲ್ಲಿ ಆ ಜೂನ್ ತಿಂಗಳಲ್ಲಿದ್ದ ತೊಂದರೆ ಇದಕ್ಕಿಂತ ಸರಳವಾಗಿತ್ತು: ತುರಟಿ ಮುಗಿದಿತ್ತು, ಅಂಗಡಿಯ ದಾರಿ ಕೆಸರಾಗಿತ್ತು, ಮನೆಗಳ ಹಿಂದಿನ ನುಗ್ಗೆ ಮರಗಳಲ್ಲಿ ಮಾತ್ರ ಬೇಸಿಗೆಯಲ್ಲಿ ಒಣಗಿದ ಕಾಯಿಗಳು ಇನ್ನೂ ನೇತಾಡುತ್ತಿದ್ದವು.

ಬೀಜದೊಳಗಿನ ಪ್ರೋಟೀನು

ನುಗ್ಗೆ ಬೀಜದ ಮಾತನ್ನು ಮೊದಲು ಎತ್ತಿದವನು ನಾನು. ಆದರೆ ಬೀಜದಿಂದ ನೀರು ತಿಳಿಯಾಗುತ್ತದೆ ಎಂಬುದು ಅಲ್ಲಿ ಯಾರಿಗೂ ಹೊಸತಾಗಿ ಕಾಣಲಿಲ್ಲ. ಯಾದಗಿರಿ ಕಡೆಯ ಒಬ್ಬ ಹಿರಿಯಾಕೆ ತನ್ನ ತವರಿನಲ್ಲಿ ಚಿಲ್ಲದ ಬೀಜವನ್ನು ಮಣ್ಣಿನ ಗಡಿಗೆಯ ಒಳಮೈಗೆ ತೇಯ್ದು ಕೆರೆಯ ನೀರು ತುಂಬುತ್ತಿದ್ದುದನ್ನು ನೆನೆದರು. ಚಿಲ್ಲವೆಂದರೆ ಸಂಸ್ಕೃತದ ಕತಕ, ಹಿಂದಿಯ ನಿರ್ಮಲಿ. ಕಲಕಿದ ನೀರನ್ನು ತಿಳಿಗೊಳಿಸುವ ವಸ್ತುಗಳ ಪಟ್ಟಿಯಲ್ಲಿ ಸುಶ್ರುತ ಸಂಹಿತೆ ಕತಕವನ್ನು ಹೆಸರಿಸುತ್ತದೆ. ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬ ಹಳೆಯ ಮಾತೂ ಉಂಟು. ಆ ಮಳೆಗಾಲದಲ್ಲಿ ಅದು ನನಗೆ ಮತ್ತೆ ಮತ್ತೆ ನೆನಪಾಯಿತು.

ನುಗ್ಗೆಯ ಮೂಲ ನೆಲ ಭಾರತದ ವಾಯವ್ಯದ ಹಿಮಾಲಯದ ತಪ್ಪಲು. ಆದರೂ ಅದರ ಬೀಜವನ್ನು ನೀರಿಗೆ ಬಳಸುವ ಪದ್ಧತಿ ಆಧುನಿಕ ವಿಜ್ಞಾನದ ಕಣ್ಣಿಗೆ ಬಿದ್ದದ್ದು ಸುಡಾನಿನಲ್ಲಿ. ಪ್ರವಾಹದ ಕಾಲದ ನೈಲ್ ನದಿಯ ಕೆಂಪು ನೀರನ್ನು ಅಲ್ಲಿನ ಹಳ್ಳಿಯ ಹೆಂಗಸರು ಈ ಬೀಜದ ಪುಡಿಯಿಂದ ತಿಳಿಗೊಳಿಸುವುದನ್ನು ಜರ್ಮನ್ ವಿಜ್ಞಾನಿ ಸಾಮಿಯಾ ಅಲ್ ಅಜಹರಿಯಾ ಯಾನ್ 1970 ಮತ್ತು 80ರ ದಶಕಗಳಲ್ಲಿ ದಾಖಲಿಸಿ ಪರೀಕ್ಷಿಸಿದರು. 1995ರಲ್ಲಿ ಜರ್ಮನಿಯ ಸಂಶೋಧಕರು ಈ ಕೆಲಸ ಮಾಡುವ ಪ್ರೋಟೀನೊಂದನ್ನು ಬೇರ್ಪಡಿಸಿದರು. ಅದು ಸುಮಾರು 6.5 ಕಿಲೋಡಾಲ್ಟನ್ ತೂಕದ, ಸುಮಾರು ಅರುವತ್ತು ಅಮೈನೋ ಆಮ್ಲಗಳ ಪುಟ್ಟ ಸರಪಣಿ. ಅದರಲ್ಲಿ ಆರ್ಜಿನೈನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದ್ದು, ಆರ್ಜಿನೈನಿನ ತುದಿ ಧನ ಆವೇಶವನ್ನು ಹೊತ್ತಿರುತ್ತದೆ. ಇದರ ಫಲವಾಗಿ ಪ್ರೋಟೀನಿನ ಸಮವಿದ್ಯುತ್ ಬಿಂದು, ಅಂದರೆ ಅದರ ಧನ ಮತ್ತು ಋಣ ಆವೇಶಗಳು ಸರಿಸಮವಾಗುವ ಹಂತ, ಪಿಎಚ್ 10ಕ್ಕಿಂತ ಮೇಲಿದೆ. ಅಂದರೆ ಪಿಎಚ್ 7ರಿಂದ 8ರ ನಡುವಿನ ಸಾಮಾನ್ಯ ಬಾವಿನೀರಿನಲ್ಲಿ ಅದು ಯಾವಾಗಲೂ ಧನ ಆವೇಶದಿಂದಲೇ ಇರುತ್ತದೆ. ಗಿಡಕ್ಕೆ ಈ ಪ್ರೋಟೀನು ಮೊಳಕೆಗೆ ಬೇಕಾದ ಸಾರಜನಕದ ಬುತ್ತಿ. ನೀರಿಗೆ ಬಿದ್ದಾಗ ಅದು ಜೇಡಿಯ ಕಣದ ಮೈಯಲ್ಲಿ ಅಲ್ಲಲ್ಲಿ ತೇಪೆಯಂತೆ ಅಂಟಿಕೊಳ್ಳುತ್ತದೆ. ಒಂದು ಕಣದ ಧನ ತೇಪೆ ಇನ್ನೊಂದು ಕಣದ ಬರಿ ಮೈಯ ಋಣ ಭಾಗವನ್ನು ಸೆಳೆಯುತ್ತದೆ. ಹೀಗೆ ಕಣಕ್ಕೆ ಕಣ ಕೂಡಿ ಕಣ್ಣಿಗೆ ಕಾಣುವ ಚೂರುಗಳಾಗಿ ತಳಕ್ಕಿಳಿಯುತ್ತದೆ. ಪಟಿಕದಂತೆ ಇದು ನೀರಿನ ಕ್ಷಾರತೆಯನ್ನು ತಿನ್ನುವುದಿಲ್ಲ, ಪಿಎಚ್ ಬದಲಿಸುವುದಿಲ್ಲ. ತಳದ ಗಸಿಯ ಪ್ರಮಾಣವೂ ಪಟಿಕದ ಗಸಿಗಿಂತ ಬಹಳ ಕಡಿಮೆ.

ಇದು ಮನೆಮದ್ದಿನ ಮಟ್ಟದಲ್ಲೇ ನಿಂತ ವಿಷಯವೂ ಅಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ತಂಡ ಮಲಾವಿ ದೇಶದ ಥಿಯೋಲೊ ಎಂಬಲ್ಲಿನ ನೀರಿನ ಘಟಕದಲ್ಲಿ ಪೂರ್ಣ ಪ್ರಮಾಣದ ಪ್ರಯೋಗ ಮಾಡಿತು. ಒಳಬರುವ ನೀರಿನ ಕಲಕು 270ರಿಂದ 380 ಎನ್‌ಟಿಯು (ನೀರಿನ ಕಲಕನ್ನು ಅಳೆಯುವ ಮಾನ) ಇದ್ದಾಗ ಲೀಟರಿಗೆ 75 ಮಿಲಿಗ್ರಾಂ ಬೀಜದ ಪುಡಿಯ ಲೆಕ್ಕದಲ್ಲಿ ಬೆರೆಸಿ, ಮರಳಿನ ಸೋಸು ಹಾಯಿಸಿ ಹೊರಬಂದ ನೀರಿನ ಕಲಕು 4 ಎನ್‌ಟಿಯುಗಿಂತ ಕಡಿಮೆ ಇತ್ತು. ನಮ್ಮ ಐಎಸ್ 10500ರ ಮಿತಿ 1 ಎನ್‌ಟಿಯು. ಬೇರೆ ಮೂಲವಿಲ್ಲದಾಗ 5. ಮನೆಬಳಕೆಗೆ ಇದೇ ವಲಯದ ಸಂಶೋಧಕರು ಸೂಚಿಸಿದ ಪ್ರಮಾಣ ಲೀಟರಿಗೆ 10ರಿಂದ 200 ಮಿಲಿಗ್ರಾಂವರೆಗೆ ಇದ್ದು, ನೀರು ಎಷ್ಟು ಬಗ್ಗಡವೋ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಇಪ್ಪತ್ತು ಪಟ್ಟಿನ ಈ ಅಂತರವನ್ನು ನಾನು ಕಾಗದದ ಮೇಲೆ ಓದಿದ್ದೆ. ಅದರ ಅರ್ಥವೇನೆಂಬುದು ವಸತಿಯಲ್ಲಿ ಕೆಲಸ ಮಾಡುವಾಗ ತಿಳಿಯಿತು.

ಜೂನ್ ತಿಂಗಳ ಕೆಲಸ

ಮೊದಲ ತೀರ್ಮಾನ ಯಾವ ನೀರನ್ನು ಮುಟ್ಟಬಾರದು ಎಂಬುದರ ಬಗ್ಗೆ. ಕ್ವಾರಿಯ ಗುಂಡಿ ಮನೆಗಳಿಗೆ ಹತ್ತಿರವಿತ್ತು; ಅದನ್ನೇ ತಿಳಿಗೊಳಿಸಿ ಕುಡಿಯೋಣವೆಂದು ಕೆಲವರು ಕೇಳಿದರು. ಬಂಡೆ ಸಿಡಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ, ಅದು ನೀರಿನಲ್ಲಿ ಪೂರ್ತಿ ಕರಗುವ ವಸ್ತು. ಯಂತ್ರಗಳ ಎಣ್ಣೆಯೂ ಆ ಗುಂಡಿಗೆ ಸೇರಿರುತ್ತದೆ. ನುಗ್ಗೆಯ ಪ್ರೋಟೀನು ತೇಲುವ ಕಣಗಳನ್ನು ಹಿಡಿಯಬಲ್ಲದು, ಕರಗಿದ ನೈಟ್ರೇಟನ್ನು ಹಿಡಿಯಲಾರದು. ಅದನ್ನು ತಿಳಿಗೊಳಿಸಿದ್ದರೆ ಅಪಾಯ ಕಣ್ಣಿಗೆ ಮರೆಯಾಗುತ್ತಿತ್ತು, ಅಷ್ಟೆ. ಹೀಗಾಗಿ ಗುಂಡಿಯ ನೀರು ಬಟ್ಟೆ ಒಗೆಯಲು, ಬಾವಿಯ ನೀರು ಕುಡಿಯಲು ಎಂದು ಹೆಂಗಸರೇ ಕೂತು ಗೊತ್ತುಮಾಡಿದರು.

ಬೀಜ ಆರಿಸುವ ಕೆಲಸದಲ್ಲಿ ಅವರ ಕೈ ನನ್ನದಕ್ಕಿಂತ ಪಳಗಿತ್ತು. ಮರದಲ್ಲೇ ಪೂರ್ತಿ ಬಲಿತು ಕಂದುಬಣ್ಣಕ್ಕೆ ಒಣಗಿದ ಕಾಯಿ ಬೇಕು. ಹಸಿರು ಕಾಯಿಯ ಎಳೆಬೀಜದಿಂದ ಈ ಕೆಲಸ ಆಗುವುದಿಲ್ಲ. ರೆಕ್ಕೆಯಿರುವ ಸಿಪ್ಪೆಯನ್ನು ಬಿಡಿಸಿದಾಗ ಒಳಗೆ ಬೆಳ್ಳಗಿನ ತಿರುಳು ಸಿಗಬೇಕು, ಹಳದಿ ತಿರುಗಿದ್ದನ್ನು, ಬೂಷ್ಟು ಹಿಡಿದದ್ದನ್ನು ಎಸೆಯಬೇಕು. ಮಳೆ ಮುಂಚೆಯೇ ಬಂದಿದ್ದರಿಂದ ಮರದಲ್ಲೇ ನೆನೆದ ಕಾಯಿಗಳಲ್ಲಿ ಬೂಷ್ಟು ಬಹಳವಿತ್ತು. ಮೇ ತಿಂಗಳಲ್ಲೇ ಇಳಿಸಿ ಒಲೆಯ ಮೇಲಿನ ಹಗ್ಗಕ್ಕೆ ಕಟ್ಟಿದ್ದ ಕಾಯಿಗಳೇ ಕೊನೆಗೆ ಉಪಯೋಗಕ್ಕೆ ಬಂದವು. ಒಂದು ತಿರುಳು ಸುಮಾರು 200 ಮಿಲಿಗ್ರಾಂ ತೂಗುತ್ತದೆ. ಲೀಟರಿಗೆ 100 ಮಿಲಿಗ್ರಾಂ ಲೆಕ್ಕ ಹಿಡಿದರೆ ಎರಡು ಲೀಟರಿಗೆ ಒಂದು ಬೀಜ, ಇಪ್ಪತ್ತು ಲೀಟರಿನ ಬಕೆಟ್ಟಿಗೆ ಹತ್ತು ಬೀಜ. ತಕ್ಕಡಿ ಬೇಕಿಲ್ಲದ ಈ ಲೆಕ್ಕ ಮಕ್ಕಳಿಗೂ ಬಾಯಿಪಾಠವಾಯಿತು.

ಕ್ರಮ ಹೀಗಿತ್ತು. ತಿರುಳುಗಳನ್ನು ಒರಳಿನಲ್ಲಿ ನುಣ್ಣಗೆ ಕುಟ್ಟಿ, ಒಂದು ಲೋಟ ತಿಳಿನೀರಿಗೆ ಹಾಕಿ ಐದು ನಿಮಿಷ ಬಿಡದೆ ಕಲಕಿ, ಆ ಹಾಲಿನಂಥ ರಸವನ್ನು ಎರಡು ಪದರದ ತೊಳೆದ ಬಟ್ಟೆಯಲ್ಲಿ ಸೋಸಿಕೊಳ್ಳುವುದು. ಅದನ್ನು ಬಕೆಟ್ಟಿನ ನೀರಿಗೆ ಸುರಿದು ಮೊದಲು ಒಂದೆರಡು ನಿಮಿಷ ರಭಸದಿಂದ, ಆಮೇಲೆ ಹತ್ತು-ಹದಿನೈದು ನಿಮಿಷ ನಿಧಾನವಾಗಿ ಕಲಕುವುದು. ಮುಚ್ಚಿಟ್ಟು ಒಂದೆರಡು ಗಂಟೆ ಅಲುಗಾಡಿಸದಿರುವುದು. ಎರಡು ವೇಗದ ಈ ಕಲಕುವಿಕೆ ಹೇಳಿದಷ್ಟು ಸುಲಭವಲ್ಲ. ಮೊದಲನೆಯದು ಪ್ರೋಟೀನನ್ನು ಎಲ್ಲೆಡೆ ಹಂಚಲು, ಎರಡನೆಯದು ಆಗತಾನೆ ಕೂಡಿದ ಚೂರುಗಳು ಒಡೆಯದಂತೆ ಒಂದಕ್ಕೊಂದು ತಾಗಿಸಲು. ಕೆಲಸದಿಂದ ದಣಿದು ಬಂದವರು ಹದಿನೈದು ನಿಮಿಷ ಬಕೆಟ್ಟಿನ ಮುಂದೆ ಕೂರುವುದು ಸಣ್ಣ ಮಾತಲ್ಲ. ಅವಸರದಲ್ಲಿ ಜೋರಾಗಿ ತಿರುಗಿಸಿದ ಬಕೆಟ್ಟುಗಳಲ್ಲಿ ಚೂರುಗಳು ಒಡೆದು ನೀರು ಮತ್ತೆ ಬಗ್ಗಡವಾದದ್ದನ್ನು ಕಂಡೆವು. ಕೊನೆಗೆ ರೊಟ್ಟಿ ಬಡಿಯುವ ಹೊತ್ತಿನಲ್ಲೇ ಒಬ್ಬ ಮಗುವನ್ನು ಬಕೆಟ್ಟಿನ ಹತ್ತಿರ ಕೂರಿಸುವ ಏರ್ಪಾಡು ಆಯಿತು. ಕಲಕುವ ಮಕ್ಕಳು ಗತಿ ತಪ್ಪದಿರಲೆಂದು ಮಗ್ಗಿ ಹೇಳಿಕೊಂಡು ಕಲಕುತ್ತಿದ್ದರು.

ಕಲಕು ಅಳೆಯುವ ಉಪಕರಣ ಅಲ್ಲಿರಲಿಲ್ಲ. ಸೂರ್ಯನ ಬಿಸಿಲಿನಿಂದ ನೀರು ಶುದ್ಧೀಕರಿಸುವ ವಿಧಾನದಲ್ಲಿ ಬಳಸುವ ಒಂದು ಉಪಾಯವನ್ನು ತೆಗೆದುಕೊಂಡೆವು: ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ದಪ್ಪಕ್ಷರದ ಕಾಗದದ ಮೇಲೆ ನಿಲ್ಲಿಸಿ, ಬಾಯಿಯ ಕಡೆಯಿಂದ ಕೆಳಗೆ ನೋಡಿದಾಗ ಅಕ್ಷರ ಓದಲು ಬಂದರೆ ಕಲಕು ಹೆಚ್ಚುಕಡಿಮೆ 30 ಎನ್‌ಟಿಯುಗಿಂತ ಕೆಳಗಿದೆ ಎಂದು ಭಾವಿಸಬಹುದು. ನಾವು ಕನ್ನಡ ವರ್ಣಮಾಲೆಯ ಹಾಳೆಯನ್ನಿಟ್ಟೆವು. ಬಾವಿಯ ಹಸಿ ನೀರಿನ ಕೆಳಗೆ ಯಾವ ಅಕ್ಷರವೂ ಕಾಣಲಿಲ್ಲ. ಬೀಜದ ರಸ ಹಾಕಿ ಒಂದೂವರೆ ಗಂಟೆ ಬಿಟ್ಟು ಮೇಲಿನ ನೀರನ್ನು ಬಸಿದು ತುಂಬಿದ ಬಾಟಲಿಯ ಕೆಳಗೆ ‘ಳ’ದ ಸುಳಿಯೂ ಸ್ಪಷ್ಟವಾಗಿತ್ತು. ಸುತ್ತ ನಿಂತವರ ಮುಖ ನೋಡಿ ನನಗೆ ಆದ ಸಂತೋಷವನ್ನು ಇಲ್ಲಿ ಬರೆಯದಿದ್ದರೆ ಈ ವರದಿ ಅಪೂರ್ಣವಾದೀತು. ಆದರೆ ಆ ಸಂತೋಷದಲ್ಲೇ ಒಂದು ತಪ್ಪು ಆಯಿತು.

ತಿಳಿಯಾದ ನೀರು ಕೆಟ್ಟದ್ದು

ನೀರು ತಿಳಿಯಾಯಿತೆಂದ ಮೇಲೆ ಎಷ್ಟೋ ಮನೆಗಳಲ್ಲಿ ಅದನ್ನು ಹಾಗೆಯೇ ಕುಡಿಯತೊಡಗಿದರು. ಒಂದು ಮನೆಯಲ್ಲಿ ಹೆಚ್ಚು ನೀರನ್ನು ಒಮ್ಮೆಗೇ ತಿಳಿಗೊಳಿಸಿ, ಗಸಿಯನ್ನೂ ಬಸಿಯದೆ, ಹಂಡೆಯಲ್ಲಿ ಇಟ್ಟುಕೊಂಡಿದ್ದರು. ಮೂರನೆಯ ದಿನ ಆ ನೀರು ನಾರಿತು. ಆ ಮನೆಯ ಇಬ್ಬರು ಮಕ್ಕಳಿಗೆ ಭೇದಿಯಾಯಿತು. ಭೇದಿಗೆ ನೀರೇ ಕಾರಣವೆಂದು ಹೇಳಲು ನನ್ನಲ್ಲಿ ಪುರಾವೆಯಿಲ್ಲ. ಓಆರ್‌ಎಸ್ ಕುಡಿಸಿ ಅವರು ಎರಡು ದಿನದಲ್ಲಿ ಚೇತರಿಸಿಕೊಂಡರು. ಆದರೆ ನೀರು ನಾರುವುದಕ್ಕೆ ಕಾರಣ ಮಾತ್ರ ಖಚಿತವಾಗಿತ್ತು, ಅದನ್ನು ಮೊದಲ ದಿನವೇ ಒತ್ತಿ ಹೇಳದೆ ಹೋದದ್ದು ನನ್ನ ತಪ್ಪು.

ಸುಡಾನಿನ ಪದ್ಧತಿಯ ಮೇಲೆ 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಆಗಲೇ ತೋರಿಸಿತ್ತು. ನುಗ್ಗೆ ಬೀಜ ಹಾಕಿದ ಮೊದಲ ಒಂದೆರಡು ಗಂಟೆಗಳಲ್ಲಿ ನೀರಿನ ಬ್ಯಾಕ್ಟೀರಿಯಗಳ ಸಂಖ್ಯೆ ಶೇಕಡ 90ರಿಂದ 99.99ರಷ್ಟು ಇಳಿಯುತ್ತದೆ, ಏಕೆಂದರೆ ಬ್ಯಾಕ್ಟೀರಿಯಗಳ ಮೈಯೂ ಋಣ ಆವೇಶದ್ದು, ಅವು ಮಣ್ಣಿನ ಚೂರುಗಳೊಡನೆ ಅಂಟಿ ತಳ ಸೇರುತ್ತವೆ. ಆದರೆ ಮುಂದಿನ 24 ಗಂಟೆಗಳಲ್ಲಿ ಸಂಖ್ಯೆ ಮತ್ತೆ ಏರುತ್ತದೆ. ಬೀಜದ ತಿರುಳಿನಲ್ಲಿ ನೀರನ್ನು ತಿಳಿಗೊಳಿಸುವ ಪ್ರೋಟೀನು ಒಂದು ಸಣ್ಣ ಪಾಲು ಮಾತ್ರ. ಉಳಿದದ್ದು ಶೇಕಡ 35ರಿಂದ 40ರಷ್ಟು ಎಣ್ಣೆ, ಬೇರೆ ಪ್ರೋಟೀನುಗಳು, ಸಕ್ಕರೆಗಳು. ಇವೆಲ್ಲ ನೀರಿನಲ್ಲಿ ಉಳಿದು ಸೂಕ್ಷ್ಮಜೀವಿಗಳಿಗೆ ಉಣಿಸಾಗುತ್ತವೆ. ತಳದ ಗಸಿಯಲ್ಲಿ ಜೀವಂತ ಬ್ಯಾಕ್ಟೀರಿಯಗಳು, ಮೇಲಿನ ನೀರಿನಲ್ಲಿ ಅವುಗಳ ಆಹಾರ. ಇದನ್ನು ಮೂರು ದಿನ ಬೆಚ್ಚಗೆ ಮುಚ್ಚಿಟ್ಟರೆ ಆಗುವುದು ಅದೇ.

ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದೆಂದು ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಬಾಟಲಿಗಳನ್ನು ತಂದೆ. 1982ರಲ್ಲಿ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದ ಈ ಸರಳ ಪರೀಕ್ಷೆಯಲ್ಲಿ, ಮಲಮೂಲದ ಮಾಲಿನ್ಯವಿರುವ ನೀರು ಒಂದೆರಡು ದಿನದೊಳಗೆ ಬಾಟಲಿಯ ಕಾಗದವನ್ನು ಕಪ್ಪಾಗಿಸುತ್ತದೆ. ಮೂರು ಬಾಟಲಿಗಳನ್ನು ಇಟ್ಟೆವು. ಬಾವಿಯ ಹಸಿ ನೀರಿನದು ರಾತ್ರಿ ಕಳೆಯುವುದರೊಳಗೆ ಕಪ್ಪಾಯಿತು. ಬೀಜದಿಂದ ತಿಳಿಗೊಳಿಸಿದ್ದು ತಡವಾಗಿ, ಆದರೂ ಕಪ್ಪಾಯಿತು. ತಿಳಿಗೊಳಿಸಿ ಕ್ಲೋರಿನ್ ಹಾಕಿದ್ದು ಮಾತ್ರ ಬಣ್ಣ ಬದಲಿಸಲಿಲ್ಲ. ಎರಡನೆಯ ಬಾಟಲಿ ಕನ್ನಡಿಯಂತೆ ಹೊಳೆಯುವ ನೀರಿನದಾಗಿತ್ತು. ಅದು ಕಪ್ಪಾದದ್ದನ್ನು ಕಂಡ ಮೇಲೆ ಹಸಿಯಾಗಿ ಕುಡಿಯುವುದು ತಾನಾಗಿ ನಿಂತಿತು.

ಇನ್ನೊಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು. ಮನೆಯ ಬೀಜ ಮುಗಿದ ಒಬ್ಬರು ಪೇಟೆಯ ಕೃಷಿ ಅಂಗಡಿಯಿಂದ ನುಗ್ಗೆಯ ಬಿತ್ತನೆ ಬೀಜ ತಂದಿದ್ದರು. ಪೊಟ್ಟಣ ಬಿಚ್ಚಿದಾಗ ಬೀಜದ ಮೇಲೆ ಗುಲಾಬಿ ಬಣ್ಣದ ಲೇಪವಿತ್ತು. ಬಿತ್ತನೆ ಬೀಜಗಳಿಗೆ ಶಿಲೀಂಧ್ರನಾಶಕ ಹಚ್ಚಿ, ತಿನ್ನಬಾರದೆಂದು ತಿಳಿಯಲೆಂದೇ ಬಣ್ಣ ಹಾಕಿರುತ್ತಾರೆ. ಬೀಜ ಒರಳಿಗೆ ಬೀಳುವ ಮೊದಲೇ ಒಬ್ಬ ಹುಡುಗಿ ಅದನ್ನು ನನಗೆ ತಂದು ತೋರಿಸಿದಳು. ನುಗ್ಗೆ ಬೀಜದಿಂದ ನೀರು ಶುದ್ಧಮಾಡುವ ಕ್ರಮವನ್ನು ಬರೆಯುವ ಎಲ್ಲರೂ ಈ ಒಂದು ಎಚ್ಚರಿಕೆಯನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ: ಅಂಗಡಿಯ ಬಿತ್ತನೆ ಬೀಜವನ್ನು ನೀರಿಗೆ ಬಳಸಲೇಬಾರದು.

ಕ್ಲೋರಿನ್ನಿನೊಡನೆ

ಅಲ್ಲಿಂದ ಮುಂದೆ ಬೀಜದ ಕೆಲಸ ಮೊದಲ ಹೆಜ್ಜೆ ಮಾತ್ರ ಎಂದು ನಿಶ್ಚಯವಾಯಿತು. ಆ ಭಾಗದ ಆಶಾ ಕಾರ್ಯಕರ್ತೆ ಕ್ಲೋರಿನ್ ದ್ರಾವಣದ ಬಾಟಲಿಗಳನ್ನೂ, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಓಟಿ ಪರೀಕ್ಷೆ ಎಂದು ಎಲ್ಲರಿಗೂ ಗೊತ್ತಿರುವ, ಉಳಿಕೆ ಕ್ಲೋರಿನ್ ಇದ್ದರೆ ನೀರನ್ನು ಹಳದಿಯಾಗಿಸುವ ಪರೀಕ್ಷೆಯ ಪೆಟ್ಟಿಗೆಯನ್ನೂ ಒದಗಿಸಿದರು. ಬಗ್ಗಡ ನೀರಿಗೆ ನೇರವಾಗಿ ಕ್ಲೋರಿನ್ ಹಾಕಿದರೆ ಅದು ಮಣ್ಣಿನೊಡನೆ ಬಂದ ಜೈವಿಕ ವಸ್ತುವಿನಲ್ಲೇ ಮುಗಿದುಹೋಗುತ್ತದೆ; ಕಣದ ಮರೆಯಲ್ಲಿರುವ ಬ್ಯಾಕ್ಟೀರಿಯವನ್ನು ಅದು ಮುಟ್ಟುವುದೂ ಇಲ್ಲ. ತಿಳಿಗೊಳಿಸಿ, ಗಸಿಯಿಂದ ಬೇರ್ಪಡಿಸಿ ಬಸಿದ ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟಾಗ ಹಳದಿ ಬಣ್ಣ ಕಾಣಿಸಿತು. ಐಎಸ್ 10500ರಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಪಿಎಚ್ 8ಕ್ಕಿಂತ ಕಡಿಮೆಯಿರುವಾಗ ಅರ್ಧ ಗಂಟೆಯ ನಂತರ 0.5 ಇರಲಿ ಎನ್ನುತ್ತದೆ. ನಾವು ಎರಡನೆಯದನ್ನು ಗುರಿಯಾಗಿಟ್ಟುಕೊಂಡೆವು.

ಜುಲೈಯಲ್ಲಿ ಮಳೆ ಕೆಲದಿನ ಬಿಡುವು ಕೊಟ್ಟಾಗ ಇನ್ನೊಂದು ಪಾಠ ಸಿಕ್ಕಿತು. ಬಾವಿಯ ನೀರು ಈಗ ಬರೀ ಮಸುಕಾಗಿತ್ತು, ವರ್ಣಮಾಲೆ ತೆಳುವಾಗಿ ಕಾಣುತ್ತಿತ್ತು. ಬಕೆಟ್ಟಿಗೆ ಹತ್ತು ಬೀಜವೆಂಬ ಬಾಯಿಪಾಠವನ್ನೇ ಮುಂದುವರಿಸಿದ ಮನೆಗಳಲ್ಲಿ ನೀರು ತಿಳಿಯಾಗುವ ಬದಲು ಹಾಲುಹಾಲಾಗಿ ಉಳಿಯಿತು, ಕ್ಲೋರಿನ್ ಹಾಕಿದರೂ ಹಳದಿ ಮೂಡಲಿಲ್ಲ. ಎರಡಕ್ಕೂ ಕಾರಣ ಒಂದೇ. ಹಿಡಿಯಲು ಕಣಗಳು ಕಡಿಮೆಯಿದ್ದಾಗ ಹೆಚ್ಚಾದ ಪ್ರೋಟೀನು ಕಣಗಳ ಮೈಯನ್ನು ಪೂರ್ತಿ ಮುಚ್ಚಿ ಅವುಗಳನ್ನೆಲ್ಲ ಧನ ಆವೇಶಕ್ಕೆ ತಿರುಗಿಸುತ್ತದೆ. ಮತ್ತೆ ಒಂದನ್ನೊಂದು ತಳ್ಳುವ ಆಟ ಶುರುವಾಗುತ್ತದೆ. ಮಿಕ್ಕ ಪ್ರೋಟೀನು, ಎಣ್ಣೆ ಸೇರಿ ಕ್ಲೋರಿನ್ನನ್ನು ನುಂಗುತ್ತವೆ. ಹಾಗೆ ನುಂಗಿದ ಕ್ಲೋರಿನ್ನಿನಿಂದ ಟ್ರೈಹ್ಯಾಲೊಮೀಥೇನಿನಂಥ ಬೇಡದ ವಸ್ತುಗಳು ಹುಟ್ಟುವ ಸಾಧ್ಯತೆಯೂ ಇರುವುದರಿಂದ, ಇನ್ನಷ್ಟು ಕ್ಲೋರಿನ್ ಸುರಿಯುವುದು ಪರಿಹಾರವಲ್ಲ, ಬೀಜ ಕಡಿಮೆ ಮಾಡುವುದೇ ಪರಿಹಾರ.

ಹೀಗಾಗಿ ಬಾವಿಯ ಹತ್ತಿರದ ಮನೆಯ ಗೋಡೆಗೆ ವರ್ಣಮಾಲೆಯ ಹಾಳೆಯೊಂದನ್ನು ಅಂಟಿಸಿ, ದಿನವೂ ಬೆಳಿಗ್ಗೆ ಬಾಟಲಿಯಲ್ಲಿ ನೀರು ನೋಡಿ ಆ ದಿನದ ಬೀಜದ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬರೆಯುವ ಪದ್ಧತಿ ಬಂತು. ಅಕ್ಷರ ಕಾಣದಿದ್ದರೆ ಬಕೆಟ್ಟಿಗೆ ಹತ್ತು, ಮಸುಕಾಗಿ ಕಂಡರೆ ನಾಲ್ಕೈದು; ಚೆನ್ನಾಗಿ ಓದಲು ಬಂದ ದಿನ ಬೀಜವೇ ಬೇಡ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕ್ಲೋರಿನ್ ಹಾಕಿದರೆ ಸಾಕು. ಲೆಕ್ಕ ಬರೆಯುವ ಹೊಣೆಯನ್ನು ಗುಲಾಬಿ ಬೀಜ ತಂದು ತೋರಿಸಿದ ಹುಡುಗಿಯೇ ಹೊತ್ತಳು.

ಉಪ್ಪಿನ ಒಂದು ಪ್ರಯತ್ನವನ್ನೂ ಮಾಡಿ ಬಿಟ್ಟೆವು. ಬರೀ ನೀರಿನ ಬದಲು ಉಪ್ಪುನೀರಿನಲ್ಲಿ ಬೀಜದ ರಸ ತೆಗೆದರೆ ಪ್ರೋಟೀನು ಹೆಚ್ಚು ಕರಗಿ ಬಂದು ಹಲವು ಪಟ್ಟು ಪರಿಣಾಮಕಾರಿಯಾಗುತ್ತದೆ ಎಂದು ಜಪಾನಿನ ಸಂಶೋಧಕರು 1999ರಲ್ಲಿ ತೋರಿಸಿದ್ದಾರೆ. ಅವರು ಬಳಸಿದ ಸಾಂದ್ರತೆಯಲ್ಲಿ ಒಂದು ಲೋಟ ರಸಕ್ಕೆ ಸುಮಾರು 12 ಗ್ರಾಂ ಉಪ್ಪು ಬೇಕು. ಬಕೆಟ್ಟಿಗೆ ಸೇರಿದ ಮೇಲೂ ನಾಲಗೆ ಅದನ್ನು ಗುರುತಿಸುತ್ತದೆ. ವಸತಿಯಲ್ಲಿ ರಕ್ತದೊತ್ತಡಕ್ಕೆ ಗುಳಿಗೆ ನುಂಗುವ ಹಿರಿಯರು ಹಲವರಿದ್ದರು. ಎಣ್ಣೆ ತೆಗೆದ ಹಿಂಡಿಯನ್ನು ಬಳಸುವುದು ಇದಕ್ಕಿಂತ ಮೇಲು, ಏಕೆಂದರೆ ಕೆಲಸದ ಪ್ರೋಟೀನು ಹಿಂಡಿಯಲ್ಲೇ ಉಳಿಯುತ್ತದೆ, ಎಣ್ಣೆಗೆ ಬೇರೆ ಬೆಲೆಯೂ ಸಿಗುತ್ತದೆ. ಆದರೆ ಅದಕ್ಕೆ ಗಾಣ ಬೇಕು, ಅಷ್ಟು ಬೀಜವೂ ಬೇಕು. ಪ್ರೋಟೀನನ್ನು ಮರಳಿನ ಕಣಗಳಿಗೆ ಅಂಟಿಸಿ, ಮಿಕ್ಕ ಜೈವಿಕ ವಸ್ತುವನ್ನು ತೊಳೆದುಬಿಟ್ಟು, ಆ ಮರಳಿನ ಮೂಲಕವೇ ನೀರು ಹಾಯಿಸುವ ವಿಧಾನವನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ನೀರು ನಾರುವ ತೊಂದರೆಗೆ ನನಗೆ ಅತ್ಯಂತ ಭರವಸೆಯದಾಗಿ ಕಾಣುವ ದಾರಿ ಅದು. ಈ ವಸತಿಯಲ್ಲಿ ಅದನ್ನು ಮಾಡಿನೋಡುವ ಬಿಡುವು ಆ ಮಳೆಗಾಲ ನಮಗೆ ಕೊಡಲಿಲ್ಲ.

ಶ್ರಾವಣದ ನಂತರ

ಆಗಸ್ಟಿನಲ್ಲಿ ದಾರಿಗೆ ಕ್ವಾರಿಯ ಕಲ್ಲುಪುಡಿ ಬಿದ್ದು ಟ್ಯಾಂಕರು ಮತ್ತೆ ಬಂತು. ಅಷ್ಟರಲ್ಲಿ ಬೀಜದ ದಾಸ್ತಾನು ಬಹುತೇಕ ಮುಗಿದಿತ್ತು. ಒಂದು ಕುಟುಂಬಕ್ಕೆ ದಿನಕ್ಕೆ ಒಂದು ಬಕೆಟ್ಟು ಕುಡಿಯುವ ನೀರೆಂದರೂ, ಕಾಯಿಯೊಂದಕ್ಕೆ ಹದಿನೈದು-ಇಪ್ಪತ್ತು ಬೀಜದಂತೆ, ಬಗ್ಗಡದ ದಿನಗಳಲ್ಲಿ ಎರಡು ದಿನಕ್ಕೊಂದು ಒಣಕಾಯಿ ಬೇಕು. ಇಡೀ ಮಳೆಗಾಲಕ್ಕೆ ಅದು ಸಣ್ಣ ಸಂಖ್ಯೆಯಲ್ಲ. ಅದೇ ಕಾಯಿಯನ್ನು ಎಳೆಯದಾಗಿದ್ದಾಗ ಕಿತ್ತರೆ ಸಾರಿಗಾಗುತ್ತದೆ, ಸಂತೆಯಲ್ಲಿ ದುಡ್ಡಾಗುತ್ತದೆ ಎಂಬ ಲೆಕ್ಕವೂ ಹೆಂಗಸರಿಗಿತ್ತು.

ಬಾವಿಗೆ ಕಟ್ಟೆಯಿಲ್ಲದ್ದೇ ಮೂಲ ದೋಷವೆಂದು ಎಲ್ಲರೂ ಕಂಡಿದ್ದರು. ಕಲ್ಲಿನ ಕೆಲಸ ಅವರ ಕೈಯಲ್ಲೇ ಇತ್ತು. ನವರಾತ್ರಿಗೆ ಮುಂಚೆ ಕ್ವಾರಿಯ ತುಂಡುಕಲ್ಲುಗಳಿಂದ ಸೊಂಟದೆತ್ತರದ ಕಟ್ಟೆ ಕಟ್ಟಿ, ಹೊಲದ ಕಡೆ ನೀರು ಸುತ್ತಿಕೊಂಡು ಹೋಗುವಂತೆ ಕಾಲುವೆ ತೋಡಿದರು. ಹಿಂದಿರುಗಿದ ಮಳೆ ಅಕ್ಟೋಬರಿನಲ್ಲಿ ಎರಡು ದಿನ ಜೋರಾಗಿ ಹೊಡೆದಾಗ, ಬಾವಿಯಿಂದ ಸೇದಿದ ನೀರಿನ ಬಾಟಲಿಯನ್ನು ಆ ಹುಡುಗಿ ಹಾಳೆಯ ಮೇಲೆ ನಿಲ್ಲಿಸಿ ನೋಡಿದಳು. ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಗೋಡೆಯ ಮೇಲೆ ‘ನಾಲ್ಕು’ ಎಂದು ಬರೆದಳು.